ಯಂತ್ರಕ್ಕೆ ಸುದ್ದಿ ಮುಟ್ಟಿಸುವ ಫಲಕ

ವಿದ್ಯುದಾಗಾರವೊಂದನ್ನು ನೋಡಲು ಹೋದವರ ಮನಸ್ಸು ಮೊದಲು ಸೋಲುವುದು ಅಲ್ಲಿಯ ಗಾತ್ರಕ್ಕೆ. ಮನೆಯಷ್ಟು ಉದ್ದವಾದ ಟರ್ಬೈನು, ಅದೇ ದಂಡಕ್ಕೆ ಜೋಡಿಸಿದ ಜನರೇಟರು, ಕಾಲ ಕೆಳಗಿನ ನೆಲವನ್ನೇ ನಡುಗಿಸುವ ಅವುಗಳ ಮೊರೆತ, ಇವನ್ನು ಕಂಡು ಬಂದ ವಿದ್ಯಾರ್ಥಿಗಳು ವಾರಗಟ್ಟಲೆ ಅದನ್ನೇ ಮಾತನಾಡಿಕೊಳ್ಳುತ್ತಾರೆ. ಪಕ್ಕದ ಕೋಣೆಯಲ್ಲಿ ಸಾಲಾಗಿ ನಿಂತ ಬೂದು ಬಣ್ಣದ ಬೀರುಗಳನ್ನು ತೆರೆದು ತೋರಿಸಿರೆಂದು ಕೇಳುವವರು ವಿರಳ. ತೆರೆದರೂ ಅಲ್ಲಿ ಕಾಣುವುದೇನು? ಕಪಾಟಿನಲ್ಲಿ ಪುಸ್ತಕಗಳನ್ನಿಟ್ಟಂತೆ ಒತ್ತೊತ್ತಾಗಿ ನಿಲ್ಲಿಸಿದ ಹಸಿರು ಫಲಕಗಳು, ಮಿಣುಕುವ ಕೆಲವು ದೀಪಗಳು, ಅಷ್ಟೆ. ಆ ಫಲಕಗಳ ಪೈಕಿ ಒಂದೆರಡು ಮಾಡುವ ಕೆಲಸವಿಷ್ಟು: ಜನರೇಟರಿನ ಬಾಯಲ್ಲಿ ಈಗ ಎಷ್ಟು ವೋಲ್ಟೇಜು ಇದೆ ಎಂಬುದನ್ನು ಅಳೆದು ನಿಯಂತ್ರಕಕ್ಕೆ ತಿಳಿಸುವುದು. ಇಂಜಿನಿಯರುಗಳು ಇದನ್ನು ವೋಲ್ಟೇಜ್ ಫೀಡ್‌ಬ್ಯಾಕ್ ಬೋರ್ಡ್ ಎನ್ನುತ್ತಾರೆ. ನಾವು ಹಿಮ್ಮಾಹಿತಿ ಫಲಕವೆಂದು ಕರೆಯೋಣ.

ಈ ಫಲಕಕ್ಕೆ ನಮ್ಮ ಶಿಕ್ಷಣದಲ್ಲಿಯೂ ನಮ್ಮ ಉದ್ಯಮಗಳ ವ್ಯವಹಾರದಲ್ಲಿಯೂ ಸಲ್ಲಬೇಕಾದ ಗೌರವ ಸಂದಿಲ್ಲವೆಂಬುದು ನಮ್ಮ ಅಭಿಪ್ರಾಯ. ಯೋಚಿಸುವ ಕಂಪ್ಯೂಟರನ್ನು ಎಲ್ಲರೂ ಹೊಗಳುತ್ತಾರೆ, ದುಡಿಯುವ ಯಂತ್ರವನ್ನು ಎಲ್ಲರೂ ಬೆರಗಿನಿಂದ ನೋಡುತ್ತಾರೆ. ಇವೆರಡರ ನಡುವೆ ನಿಂತು ಸುದ್ದಿ ಮುಟ್ಟಿಸುವವನನ್ನು ಮಾತ್ರ ಯಾರೂ ವಿಚಾರಿಸುವುದಿಲ್ಲ. ಈ ಅಲಕ್ಷ್ಯ ಅಪಾಯಕರವೆಂದು ನಾವು ಏಕೆ ಹೇಳುತ್ತೇವೆಂಬುದನ್ನು ತಿಳಿಯಲು ಸ್ವಲ್ಪ ಹಿಂದಿನಿಂದ ಬರಬೇಕಾಗುತ್ತದೆ.

ಉಗಿಯಂತ್ರಕ್ಕೆ ಎರಡು ಲೋಹದ ಗುಂಡುಗಳುಳ್ಳ ವೇಗನಿಯಂತ್ರಕವನ್ನು ಜೇಮ್ಸ್ ವಾಟ್ ಅಳವಡಿಸಿದ್ದು 1788ರಲ್ಲಿ. ಯಂತ್ರದ ವೇಗ ಹೆಚ್ಚಿದರೆ ಗುಂಡುಗಳು ದೂರ ಚಿಮ್ಮುತ್ತವೆ, ಚಿಮ್ಮಿದಾಗ ಅವುಗಳಿಗೆ ಕಟ್ಟಿದ ಸನ್ನೆಯು ಉಗಿಯ ದಾರಿಯನ್ನು ಕಿರಿದು ಮಾಡುತ್ತದೆ, ವೇಗ ತಗ್ಗುತ್ತದೆ. ಅಳೆಯುವುದೂ ಆಜ್ಞಾಪಿಸುವುದೂ ಒಂದೇ ಗುಂಡಿನ ಕೆಲಸವಾಗಿತ್ತು. ಇಂಥ ಸಾಧನಗಳು ಕೆಲವೊಮ್ಮೆ ಯಂತ್ರವನ್ನು ಸ್ಥಿರಗೊಳಿಸುವ ಬದಲು ತೂಗಾಡಿಸುವುದೇಕೆಂಬುದನ್ನು ಗಣಿತದಿಂದ ವಿವರಿಸಿದವರು ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್, 1868ರಲ್ಲಿ. ವಿದ್ಯುತ್ಕಾಂತೀಯ ಸಮೀಕರಣಗಳಿಂದ ಅವರನ್ನು ಬಲ್ಲ ವಿದ್ಯಾರ್ಥಿಗಳಿಗೆ ಅವರ ಈ ಇನ್ನೊಂದು ಕಾಣಿಕೆ ಬಹುಶಃ ಪರಿಚಿತವಲ್ಲ.

ಇಂದಿನ ಟರ್ಬೈನಿನಲ್ಲಿ ಅಳೆಯುವವನು ಬೇರೆ, ಯೋಚಿಸುವವನು ಬೇರೆ, ಕವಾಟವನ್ನು ತಿರುಗಿಸುವವನು ಬೇರೆ. ನಮ್ಮ ದೇಶದಲ್ಲಿ ವಿದ್ಯುತ್ತಿನ ಆವೃತ್ತಿ ಸೆಕೆಂಡಿಗೆ 50. ಎರಡು ಧ್ರುವಗಳ ಜನರೇಟರು ಇದನ್ನು ಕೊಡಬೇಕಾದರೆ ನಿಮಿಷಕ್ಕೆ 3000 ಸುತ್ತು ತಿರುಗಬೇಕು. 20 ಧ್ರುವಗಳ ಜಲವಿದ್ಯುತ್ ಯಂತ್ರಕ್ಕೆ 300 ಸುತ್ತು ಸಾಕು. ವೇಗವನ್ನು ಕಾಯುವುದು ಒಂದು ಹೊಣೆ, ವೋಲ್ಟೇಜನ್ನು ಕಾಯುವುದು ಇನ್ನೊಂದು. ಮೊದಲನೆಯದಕ್ಕೆ ಉಗಿಯನ್ನೋ ನೀರನ್ನೋ ಹೆಚ್ಚುಕಡಿಮೆ ಮಾಡಬೇಕು. ಎರಡನೆಯದಕ್ಕೆ ತಿರುಗುವ ಕಾಂತದ ಸುರುಳಿಗೆ ಕೊಡುವ ಪ್ರವಾಹವನ್ನು ಹೆಚ್ಚುಕಡಿಮೆ ಮಾಡಬೇಕು. ಎರಡರಲ್ಲಿಯೂ ನಿಯಂತ್ರಕವು ಯಂತ್ರವನ್ನು ಕಣ್ಣಾರೆ ಕಾಣುವುದಿಲ್ಲ. ಅದಕ್ಕೆ ದೊರೆಯುವುದು ಕೆಲವು ವೋಲ್ಟುಗಳ ಸುದ್ದಿ ಮಾತ್ರ. ಕವಾಟ ಎಷ್ಟು ತೆರೆದಿದೆ ಎಂಬ ಸಂಗತಿ ಕೂಡ, ಸುರುಳಿಗಳ ನಡುವೆ ಸರಿಯುವ ಕಬ್ಬಿಣದ ಕಡ್ಡಿಯೊಂದರ ಮೂಲಕ, ವೋಲ್ಟೇಜಿನ ರೂಪದಲ್ಲಿಯೇ ಬರುತ್ತದೆ.

ಆ ಸುದ್ದಿ ಸಿದ್ಧವಾಗುವ ಬಗೆ ನೋಡತಕ್ಕದ್ದು. ನಮ್ಮಲ್ಲಿ ಬಹುವಾಗಿ ಬಳಕೆಯಲ್ಲಿರುವ 210 ಮೆಗಾವಾಟ್ ಉಷ್ಣವಿದ್ಯುತ್ ಘಟಕದ ಜನರೇಟರು 15,750 ವೋಲ್ಟುಗಳಲ್ಲಿ ವಿದ್ಯುತ್ತನ್ನು ಕೊಡುತ್ತದೆ. ಇದನ್ನು ಅಳತೆಯ ಟ್ರಾನ್ಸ್‌ಫಾರ್ಮರು ಮೊದಲು 110 ವೋಲ್ಟಿಗೆ ಇಳಿಸುತ್ತದೆ. ಫಲಕಕ್ಕೆ ಅದೂ ಹೆಚ್ಚು. ಅದು ಇನ್ನಷ್ಟು ಇಳಿಸಿ, ಗದ್ದಲವನ್ನು ಸೋಸಿ, ಅಂಕಿಗಳಾಗಿ ಮಾರ್ಪಡಿಸಲು ತಕ್ಕ ಕೆಲವೇ ವೋಲ್ಟುಗಳನ್ನು ಉಳಿಸಿಕೊಳ್ಳುತ್ತದೆ. ಕಾಂತದ ಸುರುಳಿಯ ಕಡೆ ಕೆಲಸ ಇನ್ನೂ ನಾಜೂಕಿನದು. ಅಲ್ಲಿ ನೂರಾರು ವೋಲ್ಟುಗಳ ಏಕಮುಖ ವಿದ್ಯುತ್ತಿದ್ದು, ಅದರ ಯಾವ ತುದಿಯೂ ನೇರವಾಗಿ ಭೂಮಿಗೆ ತಾಗಿರುವುದಿಲ್ಲ. ಕಂಪ್ಯೂಟರಿನ ಸುಕುಮಾರ ಭಾಗಗಳಿಗೆ ಆ ವಿದ್ಯುತ್ತು ತಪ್ಪಿಯೂ ತಗಲಬಾರದು. ಅದಕ್ಕಾಗಿ ಕೆಲವು ಫಲಕಗಳು ಒಂದು ಸೊಗಸಾದ ಉಪಾಯ ಹೂಡುತ್ತವೆ: ರೋಧಕಗಳ ಸರಪಳಿಯಿಂದ ವೋಲ್ಟೇಜನ್ನು ಇಳಿಸಿ, ಅದರ ಏರಿಳಿತವನ್ನು ಮಿಡಿತಗಳ ವೇಗವಾಗಿ ಬದಲಿಸಿ, ಆ ಮಿಡಿತಗಳನ್ನು ಬೆಳಕಿನ ರೂಪದಲ್ಲಿ ಗಾಜಿನ ಎಳೆಯೊಳಗೆ ಕಳುಹಿಸುತ್ತವೆ. ಆಚೆಯ ಫಲಕ ಮಿಡಿತಗಳನ್ನು ಎಣಿಸಿ ವೋಲ್ಟೇಜನ್ನು ಅರಿಯುತ್ತದೆ. ಎರಡು ಫಲಕಗಳ ನಡುವೆ ತಂತಿಯ ನಂಟೇ ಇಲ್ಲ.

ಇಷ್ಟೆಲ್ಲ ಜಾಣ್ಮೆಯ ಬುಡದಲ್ಲಿರುವುದು ಪ್ರೌಢಶಾಲೆಯ ಪುಸ್ತಕದಲ್ಲಿ ಬರುವ ಎರಡು ರೋಧಕಗಳ ಲೆಕ್ಕವೇ. 990 ಸಾವಿರ ಓಮ್ ಮತ್ತು 10 ಸಾವಿರ ಓಮ್ ರೋಧಕಗಳನ್ನು ಒಂದರ ಮುಂದೊಂದು ಜೋಡಿಸಿದರೆ ಎರಡನೆಯದರ ತುದಿಗಳಲ್ಲಿ ನೂರರಲ್ಲಿ ಒಂದು ಪಾಲು ದೊರೆಯುತ್ತದೆ. ಕಾಲ ಕಳೆದಂತೆ, ಶಾಖ ತಗಲಿದಂತೆ, ಆ 10 ಸಾವಿರ ಓಮ್ 10,100 ಆಯಿತೆನ್ನೋಣ. ಫಲಕವು ಇರುವುದಕ್ಕಿಂತ ಸುಮಾರು ಶೇಕಡಾ ಒಂದರಷ್ಟು ಹೆಚ್ಚು ವರದಿ ಮಾಡುತ್ತದೆ. ವಿಧೇಯನಾದ ನಿಯಂತ್ರಕ ಏನು ಮಾಡುತ್ತದೆ? ವೋಲ್ಟೇಜು ಹೆಚ್ಚಾಯಿತೆಂದು ತಿಳಿದು ಇಳಿಸುತ್ತದೆ. 15,750ರಲ್ಲಿ 150ಕ್ಕೂ ಹೆಚ್ಚು ವೋಲ್ಟು ನಿಜವಾಗಿಯೇ ಕಡಿಮೆಯಾಗುತ್ತದೆ. ನಿಯಂತ್ರಣ ಕೋಣೆಯ ಪರದೆಯೂ ಇದೇ ಫಲಕವನ್ನು ನಂಬಿದ್ದರೆ ಅಲ್ಲಿ ಎಲ್ಲವೂ ಸರಿಯಾಗಿಯೇ ಕಾಣುತ್ತಿರುತ್ತದೆ!

ಇಲ್ಲಿ ವಿದ್ಯಾರ್ಥಿಗಳು ಗಮನಿಸಬೇಕಾದ ತತ್ತ್ವವೊಂದಿದೆ. ಹಿಮ್ಮಾಹಿತಿಯ ಗುಣವನ್ನು ಎಲೆಕ್ಟ್ರಾನಿಕ್ಸಿಗೆ ತಂದವರು ಹೆರಾಲ್ಡ್ ಬ್ಲ್ಯಾಕ್ ಎಂಬ ಅಮೆರಿಕದ ಇಂಜಿನಿಯರು. ದೂರವಾಣಿಯ ವರ್ಧಕಗಳು ಧ್ವನಿಯನ್ನು ಕೆಡಿಸುತ್ತಿದ್ದುದಕ್ಕೆ ಪರಿಹಾರ ಹುಡುಕುತ್ತಿದ್ದ ಅವರಿಗೆ 1927ರ ಆಗಸ್ಟಿನಲ್ಲಿ, ಹಡ್ಸನ್ ನದಿಯನ್ನು ದೋಣಿಯಲ್ಲಿ ದಾಟುತ್ತ ಕೆಲಸಕ್ಕೆ ಹೋಗುವಾಗ, ಉಪಾಯ ಹೊಳೆಯಿತು. ಕೈಯಲ್ಲಿದ್ದ ವೃತ್ತಪತ್ರಿಕೆಯ ಹಾಳೆಯ ಮೇಲೆಯೇ ಸಮೀಕರಣಗಳನ್ನು ಗೀಚಿದರು. ಆ ಉಪಾಯದ ಮಹತ್ತ್ವ ಒಂದು ಲೆಕ್ಕದಿಂದ ವಿಶದವಾಗುತ್ತದೆ. 10,000 ಪಟ್ಟು ಹಿಗ್ಗಿಸುವ ವರ್ಧಕವಿದೆ; ಅದರ ಉತ್ಪತ್ತಿಯಲ್ಲಿ ನೂರರಲ್ಲೊಂದು ಪಾಲನ್ನು ಹಿಂದಕ್ಕೆ ತಂದು ಆದಾನದಿಂದ ಕಳೆಯುತ್ತೇವೆ. ಒಟ್ಟು ವರ್ಧನೆ 10,000ವನ್ನು 101ರಿಂದ ಭಾಗಿಸಿದಷ್ಟು, ಎಂದರೆ 99.01. ಈಗ ವರ್ಧಕ ಹಳತಾಗಿ ಅದರ ಶಕ್ತಿ ಅರ್ಧಕ್ಕಿಳಿದು 5000 ಆಯಿತೆನ್ನಿ. ಒಟ್ಟು ವರ್ಧನೆ 98.04 ಮಾತ್ರವೇ ಆಗುತ್ತದೆ. ಅರ್ಧ ಶಕ್ತಿ ಹೋದರೂ ಹೊರಗೆ ಕಂಡ ವ್ಯತ್ಯಾಸ ಶೇಕಡಾ ಒಂದು. ಆದರೆ ಹಿಂದಕ್ಕೆ ತರುವ ಪಾಲು 0.01ರ ಬದಲು 0.0101 ಆದರೆ? ಲೆಕ್ಕ ಮಾಡಿ ನೋಡಿ, ಉತ್ತರ ಮತ್ತೆ 98.04. ಮುಂದಾರಿಯಲ್ಲಿ ಅರ್ಧಕ್ಕರ್ಧ ನಾಶವಾದುದೂ ಹಿಂದಾರಿಯಲ್ಲಿ ಶೇಕಡಾ ಒಂದು ತಪ್ಪಿದುದೂ ಸಮನಾಗಿ ಹೋಯಿತು!

ಹಿಮ್ಮಾಹಿತಿಯು ತಪ್ಪುಗಳನ್ನು ಇಲ್ಲವಾಗಿಸುತ್ತದೆಂದು ಪಾಠ ಹೇಳುವವರು ಈ ಎರಡನೆಯ ಅರ್ಧವನ್ನು ಹೇಳದೆ ಬಿಡುವುದುಂಟು. ಅದು ಯಂತ್ರದ ತಪ್ಪನ್ನು ಅಡಗಿಸುತ್ತದೆ ನಿಜ. ಆದರೆ ಎಲ್ಲ ಹೊಣೆಯನ್ನೂ ಅಳತೆಗಾರನ ತಲೆಗೆ ಹೊರಿಸಿ ಅಡಗಿಸುತ್ತದೆ. ಅರಮನೆ ಬಿಟ್ಟು ಹೊರಡದ ಅರಸನಿಗೆ ಶಾನುಭೋಗನ ಲೆಕ್ಕವೇ ಕಣ್ಣು. ಶಾನುಭೋಗ ಸುಳ್ಳು ಬರೆದರೆ, ಅರಸ ಎಷ್ಟು ದಕ್ಷನೋ ಅಷ್ಟು ಬೇಗ ಕೆಡುಕಾಗುತ್ತದೆ.

ಅಲ್ಪ ತಪ್ಪಿನ ಮಾತಾಯಿತು. ಸುದ್ದಿಯೇ ನಿಂತರೆ? ಅಳತೆಯ ಟ್ರಾನ್ಸ್‌ಫಾರ್ಮರಿನ ಚಿಕ್ಕ ಫ್ಯೂಸೊಂದು ಸುಟ್ಟುಹೋಯಿತೆಂದು ಭಾವಿಸೋಣ. ಫಲಕ ಸೊನ್ನೆಯನ್ನೋ ತೀರ ಕಡಿಮೆ ವೋಲ್ಟೇಜನ್ನೋ ವರದಿ ಮಾಡುತ್ತದೆ. ನಿಯಂತ್ರಕವು ವೋಲ್ಟೇಜು ಬಿದ್ದುಹೋಯಿತೆಂದು ಗಾಬರಿಗೊಂಡಂತೆ ಕಾಂತದ ಪ್ರವಾಹವನ್ನು ಗರಿಷ್ಠ ಮಿತಿಗೆ ಏರಿಸುತ್ತದೆ. ಯಂತ್ರವಿನ್ನೂ ಜಾಲಕ್ಕೆ ಸೇರಿರದಿದ್ದರೆ ಅದರ ವೋಲ್ಟೇಜು ಮೇಲೆ ಹಾರುತ್ತದೆ. ಸೇರಿದ್ದರೆ ಸುರುಳಿ ಮಿತಿಮೀರಿ ಕಾಯುತ್ತದೆ. ಬಲ್ಲವರು ಇದಕ್ಕೆ ಮದ್ದು ಕಂಡುಹಿಡಿದಿದ್ದಾರೆ. ಅಳತೆಯ ಟ್ರಾನ್ಸ್‌ಫಾರ್ಮರುಗಳ ಎರಡು ತಂಡಗಳನ್ನಿಟ್ಟು ಸದಾ ಹೋಲಿಸುವುದು. ಎರಡರ ಮಾತು ತಾಳೆಯಾಗದಿದ್ದರೆ ಸ್ವಯಂ ನಿಯಂತ್ರಣವನ್ನು ಬಿಟ್ಟು, ಕಾಂತದ ಪ್ರವಾಹವನ್ನು ಇದ್ದಲ್ಲಿಯೇ ಹಿಡಿದು ನಿಲ್ಲಿಸುವುದು. ವೇಗದ ವಿಷಯದಲ್ಲಿ ಮೂರು ಸಾಕ್ಷಿಗಳನ್ನು ಇಡುವುದು ವಾಡಿಕೆ. ದಂಡದ ಮೇಲೆ 60 ಹಲ್ಲುಗಳ ಚಕ್ರವಿದ್ದರೆ, 3000 ಸುತ್ತಿನ ವೇಗದಲ್ಲಿ ಸೆಕೆಂಡಿಗೆ 3000 ಹಲ್ಲುಗಳು ಹಾದುಹೋಗುತ್ತವೆ. ಮೂರು ಸಂವೇದಕಗಳು ಇವನ್ನು ಬೇರೆ ಬೇರೆಯಾಗಿ ಎಣಿಸುತ್ತವೆ; ಮೂವರಲ್ಲಿ ಇಬ್ಬರು ಹೇಳಿದ್ದು ಸತ್ಯವೆಂದು ಸ್ವೀಕಾರವಾಗುತ್ತದೆ.

ಇಷ್ಟು ಜಾಗರೂಕತೆ ಅತಿಯೆಂದು ತೋರಬಹುದು. ಜಾಲದಿಂದ ಥಟ್ಟನೆ ಕಳಚಿಕೊಂಡ ಟರ್ಬೈನು ಉಗಿ ನಿಲ್ಲದಿದ್ದರೆ ಕೆಲವೇ ಸೆಕೆಂಡುಗಳಲ್ಲಿ ಅತಿವೇಗಕ್ಕೆ ಏರುತ್ತದೆ. ವೇಗ ಹತ್ತರಲ್ಲೊಂದು ಪಾಲು ಹೆಚ್ಚಿದರೆ, ಅಲಗುಗಳನ್ನು ಹೊರಕ್ಕೆ ಸೆಳೆಯುವ ಬಲ ನೂರಕ್ಕೆ 21 ಹೆಚ್ಚುತ್ತದೆ. ದಕ್ಷಿಣ ಆಫ್ರಿಕದ ಡುವಾ ವಿದ್ಯುದಾಗಾರದಲ್ಲಿ 2011ರ ಫೆಬ್ರವರಿಯಲ್ಲಿ, ಅತಿವೇಗದ ರಕ್ಷಣೆಯನ್ನು ಪರೀಕ್ಷಿಸುತ್ತಿದ್ದಾಗಲೇ, 600 ಮೆಗಾವಾಟಿನ ಘಟಕವೊಂದು ಹತೋಟಿ ಮೀರಿ ಓಡಿ ನುಚ್ಚುನೂರಾಯಿತು. ಒಬ್ಬನೇ ಸಾಕ್ಷಿಯನ್ನು ನಂಬಿದರೆ ಏನಾಗುತ್ತದೆಂಬುದಕ್ಕೆ ವಿಮಾನ ಕ್ಷೇತ್ರದಿಂದಲೂ ಒಂದು ದಾರುಣ ನಿದರ್ಶನವಿದೆ. ಬೋಯಿಂಗ್ 737 ಮ್ಯಾಕ್ಸ್ ವಿಮಾನದ ಮೂಗು ಎಷ್ಟು ಮೇಲಕ್ಕೆತ್ತಿದೆ ಎಂಬುದನ್ನು ಅಳೆಯಲು ಎರಡು ಸಂವೇದಕಗಳಿದ್ದರೂ, ಮೂಗನ್ನು ಕೆಳಕ್ಕೆ ತಳ್ಳುವ ಸ್ವಯಂಚಾಲಿತ ವ್ಯವಸ್ಥೆಯು ಒಂದೊಂದು ಹಾರಾಟದಲ್ಲಿ ಒಂದರ ಮಾತನ್ನು ಮಾತ್ರ ಕೇಳುತ್ತಿತ್ತು. ಆ ಒಂದು ತಪ್ಪು ಹೇಳಿತು. 2018ರ ಅಕ್ಟೋಬರಿನಲ್ಲಿ ಇಂಡೊನೇಷ್ಯದಲ್ಲಿ, 2019ರ ಮಾರ್ಚಿನಲ್ಲಿ ಇಥಿಯೋಪಿಯದಲ್ಲಿ, ಒಟ್ಟು 346 ಮಂದಿ ಪ್ರಾಣ ಕಳೆದುಕೊಂಡರು. ಅಲ್ಲಿ ಲೆಕ್ಕಾಚಾರ ಮಾಡಿದ ಕಂಪ್ಯೂಟರು ಕೆಟ್ಟಿರಲಿಲ್ಲ. ತನಗೆ ಬಂದ ಸುದ್ದಿಯಂತೆ ಅದು ನಡೆದುಕೊಂಡಿತು.

ಈಗ ನಮ್ಮ ದೂರಿಗೆ ಬರೋಣ. ಕೆಲವು ವರ್ಷಗಳ ಹಿಂದೆ ನಾವು ಒಂದು ಉಷ್ಣವಿದ್ಯುದಾಗಾರಕ್ಕೆ ಹೋಗಿದ್ದೆವು. ಅದರ ಹೆಸರು ಇಲ್ಲಿ ಬೇಡ. ಅಲ್ಲಿ ಒಂದು ಘಟಕದ ವೋಲ್ಟೇಜು ನಿಯಂತ್ರಕ ಮಧ್ಯಾಹ್ನದ ಹೊತ್ತಿನಲ್ಲಿ ಮಾತ್ರ ಮುನಿಸಿಕೊಂಡು ಸ್ವಯಂ ನಿಯಂತ್ರಣವನ್ನು ಬಿಟ್ಟುಬಿಡುತ್ತಿತ್ತು. ತಯಾರಕರು ಆ ಮಾದರಿಯನ್ನು ನಿಲ್ಲಿಸಿ ಬಹುಕಾಲವಾಗಿತ್ತು. ಫಲಕದ ಮಂಡಲಚಿತ್ರ ಯಾರ ಬಳಿಯೂ ಇರಲಿಲ್ಲ, ಕೊಂಡಾಗಲೇ ಕೇಳಿರಲಿಲ್ಲವಂತೆ. ದೂರದೇಶದ ವ್ಯಾಪಾರಿಯಿಂದ ಹಳೆಯ ಫಲಕವೊಂದನ್ನು ದುಬಾರಿ ಬೆಲೆಗೆ ತರಿಸಿ ಹಾಕಿದರು. ಅದು ಬಳಸಿದ್ದೋ ಹೊಸದೋ ಹೇಳುವವರಿಲ್ಲ. ನಾಲ್ಕು ದಿನದ ಮೇಲೆ ಅದೂ ಹಾಗೆಯೇ ಆಡತೊಡಗಿತು. ಕೊನೆಗೆ ನಿವೃತ್ತಿಯ ಅಂಚಿನಲ್ಲಿದ್ದ ಒಬ್ಬ ತಂತ್ರಜ್ಞರು ಮೊದಲಿನ ಫಲಕವನ್ನು ಮೇಜಿನ ಮೇಲಿಟ್ಟುಕೊಂಡು, ಮಲ್ಟಿಮೀಟರು ಹಿಡಿದು, ತಾಮ್ರದ ಗೆರೆಗಳನ್ನು ಒಂದೊಂದಾಗಿ ಹಿಂಬಾಲಿಸಿ, ಮಂಡಲವನ್ನು ತಾವೇ ಕಾಗದದ ಮೇಲೆ ಬರೆದರು. ಕೂದಲು ಒಣಗಿಸುವ ಯಂತ್ರದಿಂದ ಬಿಸಿಗಾಳಿ ಊದಿದಾಗ ಸರಪಳಿಯ ಒಂದು ರೋಧಕದ ಬೆಸುಗೆ ಸಂಪರ್ಕ ಬಿಡುತ್ತಿದ್ದುದು ಪತ್ತೆಯಾಯಿತು. ಭೂತಗನ್ನಡಿಯಲ್ಲಿ ನೋಡಿದರೆ ಬೆಸುಗೆಯ ಸುತ್ತ ಕೂದಲೆಳೆಯಂಥ ಬಿರುಕು. ತರಿಸಿದ ಫಲಕದಲ್ಲಿಯೂ ಅದೇ ಜಾಗದಲ್ಲಿ ಅದೇ ಬಿರುಕು ಇತ್ತು. ಬೀರುವನ್ನು ತಂಪಾಗಿಡುವ ಯಂತ್ರ ಮಧ್ಯಾಹ್ನದ ಸೆಕೆಗೆ ಸೋಲುತ್ತಿದ್ದುದೇ ಉಳಿದ ಕತೆ.

ಆ ಹಿರಿಯರು ನಿವೃತ್ತರಾದ ಮೇಲೆ ಅವರ ಕಾಗದ ಎಲ್ಲಿ ಹೋಯಿತೋ! ಇದು ಒಂದು ಕೇಂದ್ರದ ಕತೆಯಲ್ಲವೆಂದು ಬಲ್ಲವರೆಲ್ಲ ಹೇಳುತ್ತಾರೆ. ಟರ್ಬೈನು ನಲವತ್ತು ವರ್ಷ ಬಾಳುವ ಯಂತ್ರ. ಶರಾವತಿಯ ವಿದ್ಯುದಾಗಾರದಲ್ಲಿ ಮೊದಲ ಘಟಕ ತಿರುಗತೊಡಗಿದ್ದು 1964ರಲ್ಲಿ. ಆ ವಿದ್ಯುದಾಗಾರ ಇಂದಿಗೂ ನಾಡಿಗೆ ಬೆಳಕು ಕೊಡುತ್ತಿದೆ. ಎಲೆಕ್ಟ್ರಾನಿಕ್ ಫಲಕಕ್ಕೆ ಅಂಥ ಆಯುಸ್ಸಿಲ್ಲ. ಅದರಲ್ಲಿರುವ ದ್ರವಯುಕ್ತ ಕೆಪಾಸಿಟರುಗಳು ಒಣಗುತ್ತವೆ. ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಏರಿದರೆ ಅವುಗಳ ಬಾಳು ಸರಿಸುಮಾರು ಅರ್ಧವಾಗುತ್ತದೆಂಬುದು ಇಂಜಿನಿಯರುಗಳ ಅನುಭವದ ಲೆಕ್ಕ. ಹೀಗಿರಲು, ನಲವತ್ತು ವರ್ಷದ ಯಂತ್ರವನ್ನು ಕೊಳ್ಳುವವರು ಅದರ ನಡುವೆ ಎರಡು ಮೂರು ಸಲ ಬದಲಾಗಬೇಕಾದ ಫಲಕದ ಚಿತ್ರವನ್ನೂ, ಪರೀಕ್ಷಾ ವಿಧಾನವನ್ನೂ ಕೇಳದೆ ಹಣ ಕೊಡುವುದು ಯಾವ ವಿವೇಕ?

ನಮ್ಮ ಮಾತಿಗೆ ಆಕ್ಷೇಪವಿಲ್ಲದಿಲ್ಲ. ಇಂದಿನ ಫಲಕಗಳು ಹಲವು ಪದರಗಳವು, ಅವುಗಳ ಬಿಡಿಭಾಗಗಳು ಸಾಸುವೆಯಷ್ಟು ಚಿಕ್ಕವು, ಬೆಸುಗೆ ಕಬ್ಬಿಣ ಹಿಡಿದು ರಿಪೇರಿ ಮಾಡುವ ಕಾಲ ಹೋಯಿತೆಂದು ತಯಾರಕರು ಹೇಳುತ್ತಾರೆ. ಅರೆಬರೆ ತಿಳಿದವರು ರಿಪೇರಿ ಮಾಡಿದ ಫಲಕವನ್ನು ರಕ್ಷಣಾ ಮಂಡಲದಲ್ಲಿ ಕೂರಿಸುವುದು ಅಪಾಯವೆಂದೂ ಹೇಳುತ್ತಾರೆ. ಎರಡನೆಯ ಮಾತನ್ನು ನಾವು ಪೂರ್ತಿಯಾಗಿ ಒಪ್ಪುತ್ತೇವೆ. ಪರೀಕ್ಷಿಸದ ಫಲಕವನ್ನು, ಅದು ರಿಪೇರಿಯದಾಗಲಿ ಹೊಚ್ಚ ಹೊಸದಾಗಲಿ, ಟರ್ಬೈನಿಗೆ ಜೋಡಿಸಬಾರದು. ಆದರೆ ಪರೀಕ್ಷಿಸಬೇಕಾದರೆ ತಿಳಿವಳಿಕೆ ಬೇಕು, ಚಿತ್ರ ಬೇಕು, ಅಳತೆಯ ಮೇಜು ಬೇಕು. ಮೊದಲನೆಯ ಆಕ್ಷೇಪ ಅರ್ಧ ಸತ್ಯ. ಒಳಗಿನ ಗಣಕ ಭಾಗ ಸೂಕ್ಷ್ಮವಾಗಿರಬಹುದು. ಸಾವಿರಾರು ವೋಲ್ಟುಗಳ ಲೋಕದಿಂದ ಸುದ್ದಿ ತರುವ ಅಂಚಿನ ಭಾಗದಲ್ಲಿ ಇಂದಿಗೂ ರೋಧಕಗಳು, ಫ್ಯೂಸುಗಳು, ಬೆಸುಗೆಗಳೇ ಇವೆ. ಹಳೆಯದನ್ನೆಲ್ಲ ಕಿತ್ತು ಹೊಸ ಅಂಕೀಯ ವ್ಯವಸ್ಥೆಯನ್ನು ಹಾಕಿದವರೂ ಈ ಅಂಚಿನಿಂದ ತಪ್ಪಿಸಿಕೊಂಡಿಲ್ಲ.

ಬೆಂಗಳೂರಿನಲ್ಲಿ ಬಿ.ಎಚ್.ಇ.ಎಲ್. ಸಂಸ್ಥೆಯ ಎಲೆಕ್ಟ್ರಾನಿಕ್ಸ್ ವಿಭಾಗ ವಿದ್ಯುದಾಗಾರಗಳ ನಿಯಂತ್ರಣ ಸಾಧನಗಳನ್ನು ತಯಾರಿಸುತ್ತದೆ. 1960ರಲ್ಲಿ ಸ್ಥಾಪನೆಯಾದ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆಯೂ ಅದೇ ಊರಿನಲ್ಲಿದೆ. ಏಷ್ಯದ ಆದ್ಯ ಜಲವಿದ್ಯುದಾಗಾರಗಳಲ್ಲೊಂದನ್ನು 1902ರಲ್ಲಿ ಶಿವನಸಮುದ್ರದಲ್ಲಿ ನಡೆಸತೊಡಗಿ, ಅಲ್ಲಿಂದ ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಒಯ್ದ ನಾಡು ಇದು. ಇಂಥ ನಾಡಿನ ತಾಂತ್ರಿಕ ವಿದ್ಯಾಲಯಗಳಲ್ಲಿ ನಿಯಂತ್ರಣ ಶಾಸ್ತ್ರದ ಪ್ರಯೋಗವೆಂದರೆ ಕಂಪ್ಯೂಟರಿನ ಪರದೆಯ ಮೇಲೆ ಚೌಕಗಳನ್ನು ಗೆರೆಗಳಿಂದ ಜೋಡಿಸುವುದೆಂಬಂತಾಗಿರುವುದು ನಮಗೆ ಖೇದಕರವಾಗಿ ಕಾಣುತ್ತದೆ. ಪರದೆಯ ಮೇಲಿನ ಹಿಮ್ಮಾಹಿತಿಯ ಗೆರೆ ಎಂದೂ ಬಿಸಿಯಾಗುವುದಿಲ್ಲ, ಅದರ ಬೆಸುಗೆ ಎಂದೂ ಬಿರಿಯುವುದಿಲ್ಲ. ವಿದ್ಯುದಾಗಾರಗಳು ಗುಜರಿಗೆ ಹಾಕುವ ಹಳೆಯ ಫಲಕಗಳನ್ನು ಕಾಲೇಜುಗಳಿಗೆ ಕೊಡುವಂತಾದರೆ, ವರ್ಷಕ್ಕೊಂದು ಫಲಕದ ಮಂಡಲವನ್ನು ವಿದ್ಯಾರ್ಥಿಗಳೇ ಬಿಡಿಸಿ ಬರೆಯುವಂತಾದರೆ, ಖರ್ಚಿಲ್ಲದೆ ಒಂದು ವಿದ್ಯೆ ಉಳಿಯುತ್ತದೆ. ಸಾರ್ವಜನಿಕ ಹಣದಿಂದ ಕೊಳ್ಳುವ ಪ್ರತಿಯೊಂದು ಟರ್ಬೈನಿನ ಒಪ್ಪಂದದಲ್ಲಿಯೂ ಮಂಡಲಚಿತ್ರಗಳನ್ನು ಒಪ್ಪಿಸಬೇಕೆಂಬ ಷರತ್ತು ಇರಬೇಕೆಂಬುದು ನಮ್ಮ ಎರಡನೆಯ ಬೇಡಿಕೆ.

ಸೂರ್ಯಶಕ್ತಿ ಬಂದಮೇಲೆ ಟರ್ಬೈನಿನ ಚಿಂತೆ ಏಕೆಂದು ಕೇಳುವವರಿದ್ದಾರೆ. ಪಾವಗಡದ ಬಯಲಿನಲ್ಲಿ 2,050 ಮೆಗಾವಾಟಿನ ಸೌರ ಉದ್ಯಾನವಿದೆ. ಅಲ್ಲಿ ತಿರುಗುವ ಭಾರವಿಲ್ಲ. ಏಕಮುಖ ವಿದ್ಯುತ್ತನ್ನು ಪರ್ಯಾಯ ವಿದ್ಯುತ್ತಾಗಿಸುವ ಇನ್ವರ್ಟರುಗಳು ಜಾಲದ ವೋಲ್ಟೇಜನ್ನು ಕ್ಷಣಕ್ಷಣವೂ ಅಳೆದು, ಅದರ ಲಯಕ್ಕೆ ಹೆಜ್ಜೆ ಹಾಕುತ್ತವೆ. ಭಾರವಾದ ರೋಟರು ತನ್ನ ಜಡತ್ವದಿಂದ ಒಂದೆರಡು ಸೆಕೆಂಡು ತಡೆದುಕೊಳ್ಳಬಲ್ಲದು, ಇವಕ್ಕೆ ಆ ಸಾವಕಾಶವೂ ಇಲ್ಲ. 2025ರ ಏಪ್ರಿಲ್ 28ರಂದು ಸ್ಪೇನ್ ಮತ್ತು ಪೋರ್ಚುಗಲ್ ದೇಶಗಳಲ್ಲಿ ವೋಲ್ಟೇಜು ಮಿತಿಮೀರಿ ಏರಿ, ಉತ್ಪಾದನಾ ಕೇಂದ್ರಗಳು ಒಂದರ ಹಿಂದೊಂದು ಕಳಚಿಕೊಂಡು, ಕೋಟ್ಯಂತರ ಜನ ಕತ್ತಲೆಯಲ್ಲುಳಿದರು. ಅಲ್ಲಿ ಯಾವುದೋ ಫಲಕ ಕೆಟ್ಟಿತ್ತೆಂದು ನಾವು ಹೇಳುತ್ತಿಲ್ಲ. ವೋಲ್ಟೇಜನ್ನು ಅಳೆದು ಹತೋಟಿಯಲ್ಲಿಡುವ ಕೆಲಸ ಇಡೀ ದೇಶದ ಪ್ರಶ್ನೆಯಾಗಬಲ್ಲದೆಂದು ಮಾತ್ರ ಹೇಳುತ್ತಿದ್ದೇವೆ. ನಮ್ಮ ದಕ್ಷಿಣದ ಜಾಲವೂ 2013ರ ಡಿಸೆಂಬರ್ 31ರಂದು, ರಾಯಚೂರು–ಸೊಲ್ಲಾಪುರ ಮಾರ್ಗದ ಮೂಲಕ, ಉಳಿದ ಭಾರತದ ಜಾಲದೊಡನೆ ಒಂದೇ ಲಯದಲ್ಲಿ ಸೇರಿಕೊಂಡಿದೆ.

ಕಾಲೇಜಿನ ಕೃಪೆಗಾಗಿ ಕಾಯಲಾರದ ವಿದ್ಯಾರ್ಥಿಗಳು ಮನೆಯಲ್ಲಿಯೇ ಆರಂಭಿಸಬಹುದು. 9 ವೋಲ್ಟಿನ ಒಂದು ಬ್ಯಾಟರಿ, 10 ಲಕ್ಷ ಓಮ್ ಮತ್ತು 1 ಲಕ್ಷ ಓಮ್ ರೋಧಕಗಳು, ಒಂದು ಅಗ್ಗದ ಡಿಜಿಟಲ್ ಮಲ್ಟಿಮೀಟರು ಸಾಕು. ಗೋಡೆಯ ಪ್ಲಗ್ಗಿನ ವಿದ್ಯುತ್ತನ್ನು ಮಾತ್ರ ಎಂದೂ ಬಳಸಕೂಡದು. ಎರಡು ರೋಧಕಗಳನ್ನು ಸಾಲಾಗಿ ಬ್ಯಾಟರಿಗೆ ಜೋಡಿಸಿ ಚಿಕ್ಕದರ ತುದಿಗಳಲ್ಲಿ ಅಳೆದರೆ ಸುಮಾರು 0.8 ವೋಲ್ಟು ಕಾಣುತ್ತದೆ. ಈಗ ಬೆರಳುಗಳನ್ನು ಒದ್ದೆ ಮಾಡಿಕೊಂಡು ಅದೇ ತುದಿಗಳನ್ನು ಮುಟ್ಟಿ ಹಿಡಿಯಿರಿ. ಬ್ಯಾಟರಿ ಇದ್ದಂತೆಯೇ ಇದೆ, ಅಂಕಿ ಮಾತ್ರ ಇಳಿಯುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಧೂಳು ಕುಳಿತ ಫಲಕದ ಮೇಲೆ ತೇವ ಮಾಡುವ ಕೆಲಸವೂ ಇದೇ. ಎಷ್ಟು ಇಳಿಯಿತೆಂಬುದನ್ನು ಬರೆದಿಟ್ಟುಕೊಂಡು, ನಿಮ್ಮ ಬೆರಳಿನ ರೋಧ ಎಷ್ಟಾಯಿತೆಂದು ಲೆಕ್ಕ ಹಾಕಿ ನೋಡಿ.